ಸಾಹೇಬ್ರೇ, ಕ್ವಾರ್ಟರ್ಸ್ ಬಿಟ್ಟಿರಿ, ಕಾಗದ ಎಲ್ಲಿ?

ಚುನಾವಣೆ ಹತ್ತಿರ ಬಂತೆಂದರೆ ಕಲಬುರಗಿಯ ನನ್ನ ಆಫೀಸಿಗೆ ರಿಟೈರ್ಡ್ ಪೊಲೀಸ್ ಅಧಿಕಾರಿಗಳು ಒಬ್ಬಿಬ್ಬರಾದರೂ ಬರುತ್ತಾರೆ. ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾರೆ, ಅದು ಹಳೇ ಅಭ್ಯಾಸ. 'ಏನ್ರೀ ವಕೀಲ್ ಸಾಬ್, ಒಂದು ನಾಮಿನೇಷನ್ ತುಂಬೋದದ' ಅನ್ನುತ್ತಾರೆ. ಕಳೆದುಹೋದ ಮೊಬೈಲಿಗೆ ದೂರು ಬರೆಸುವಷ್ಟು ಹಗುರಾಗಿ.

ಪೊಲೀಸರು ಎಲೆಕ್ಷನ್ನಿಗೆ ನಿಲ್ಲಬಹುದಾ ಎಂಬ ಪ್ರಶ್ನೆ ಬೇಡ. ನಿಲ್ಲಬಹುದು. ಕೆಲಸ ಬಿಟ್ಟ ಮೇಲೆ ಇಂತಿಷ್ಟು ವರ್ಷ ಕಾಯಬೇಕು ಅಂತ ಕಾನೂನಿಲ್ಲ. ಇನ್ಸ್‌ಪೆಕ್ಟರ್ ಆಗಿದ್ದ ಬಿ.ಸಿ. ಪಾಟೀಲರು ಮಂತ್ರಿಯೇ ಆದರು. ಬೆಂಗಳೂರಿನ ಕಮಿಷನರ್ ಆಗಿದ್ದ ಭಾಸ್ಕರ್ ರಾವ್ 2023ರಲ್ಲಿ ಚಾಮರಾಜಪೇಟೆಯಿಂದ ನಿಂತು ಸೋತರು. ಬಿಹಾರದ ಡಿಜಿಪಿ ಒಬ್ಬರು 2020ರಲ್ಲಿ ಚುನಾವಣೆ ಮುಂದಿರುವಾಗ ಸ್ವಯಂ ನಿವೃತ್ತಿ ತಗೊಂಡರು, ಟಿಕೆಟ್ಟೇ ಸಿಗಲಿಲ್ಲ. ಅದು ವಕೀಲರ ಕೈಯಲ್ಲಿಲ್ಲ. ರಾಜೀನಾಮೆ ಕೊಟ್ಟು ಬಂದವರು ಅದು ಅಂಗೀಕಾರವಾಗಿ ರಿಲೀವ್ ಆದ ಆದೇಶ ಕೈಯಲ್ಲಿ ಇಟ್ಟುಕೊಳ್ಳಬೇಕು. ಇದೆಲ್ಲ ಅವರಿಗೆ ಗೊತ್ತೇ ಇರುತ್ತದೆ.

ಗೊತ್ತಿಲ್ಲದ್ದು ಒಂದೇ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ್ದೂ ಅದೇ.

ನಾಮಪತ್ರದ ಜೊತೆ ಕೊಡುವ ಅಫಿಡವಿಟ್, ಅಂದರೆ ಫಾರ್ಮ್ 26ರಲ್ಲಿ, ಒಂದು ಪ್ರಶ್ನೆ ಇದೆ. ಹಿಂದಿನ ಹತ್ತು ವರ್ಷದಲ್ಲಿ ಯಾವಾಗಲಾದರೂ ಸರ್ಕಾರಿ ವಸತಿಯಲ್ಲಿ ಇದ್ದಿರಾ? ಇದ್ದರೆ ಆ ಮನೆಯ ಬಾಡಿಗೆ, ಕರೆಂಟು, ನೀರು, ಟೆಲಿಫೋನು, ಈ ನಾಲ್ಕರದ್ದೂ ಬಾಕಿ ಇಲ್ಲ ಅಂತ ಬರೆಯಬೇಕು. ಬರೆದರೆ ಮುಗಿಯಲಿಲ್ಲ, ಬೇಬಾಕಿ ಪ್ರಮಾಣಪತ್ರವನ್ನೂ ಲಗತ್ತಿಸಬೇಕು. ಕಿರಾಣಿ ಅಂಗಡಿಯವನಿಗೆ, ಮೇಷ್ಟ್ರಿಗೆ ಇದು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಪೊಲೀಸರಿಗೆ ಕೊಡುತ್ತದೆ. ಯಾಕಂದರೆ ಅವರ ಸರ್ವಿಸಿನ ಬಹುಪಾಲು ಕ್ವಾರ್ಟರ್ಸಿನಲ್ಲೇ ಕಳೆದಿರುತ್ತದೆ, ಅದೂ ಒಂದೇ ಊರಲ್ಲಲ್ಲ.

'ನಾ ಪೆನ್ಶನ್ ಟೈಮಿಗೆ ನೋ ಡ್ಯೂ ಕೊಟ್ಟೀನಲ್ರೀ' ಅನ್ನುತ್ತಾರೆ. ಕೊಟ್ಟಿದ್ದೀರಿ ಸರ್, ಪೆನ್ಶನ್ನಿಗೆ. ಫಾರ್ಮ್ ಕೇಳುವುದು ಈಚಿನ ತಾರೀಖಿನದು. ಚುನಾವಣೆಯ ಅಧಿಸೂಚನೆ ಹೊರಡುವ ತಿಂಗಳಿಂದ ಹಿಂದಕ್ಕೆ ಎಣಿಸಿ. ಮೂರನೇ ತಿಂಗಳ ಕೊನೇ ದಿನಕ್ಕೋ ಆಮೇಲಿನ ದಿನಕ್ಕೋ ಬಾಕಿ ಇಲ್ಲ ಅಂತ ಇರಬೇಕು. 2023ರ ವಿಧಾನಸಭೆ ಚುನಾವಣೆಗೆ ಅಧಿಸೂಚನೆ ಬಂದದ್ದು ಏಪ್ರಿಲ್ 13ಕ್ಕೆ. ಮಾರ್ಚ್, ಫೆಬ್ರವರಿ, ಜನವರಿ. ಹಾಗಾಗಿ ಜನವರಿ 31 ಅಥವಾ ನಂತರದ್ದು ಬೇಕಿತ್ತು. 2019ರ ಕಾಗದ ಎಷ್ಟೇ ದೊಡ್ಡ ಸೀಲು ಹೊತ್ತಿದ್ದರೂ ಆ ತಾರೀಖಿಗೆ ಉತ್ತರ ಕೊಡುವುದಿಲ್ಲ. ಕೊನೆಯ ಮನೆಯದ್ದು ಮಾತ್ರ ತಂದರೂ ಸಾಲದು, ಹತ್ತು ವರ್ಷದೊಳಗಿನ ಎಲ್ಲ ಮನೆಯದ್ದೂ ಬೇಕು. ಬಾಡಿಗೆಗೆ ಆಯಾ ಜಿಲ್ಲೆಯ ಎಸ್ಪಿ ಆಫೀಸು, ಕರೆಂಟಿಗೆ ನಮ್ಮ ಕಡೆ ಜೆಸ್ಕಾಂ. ನಡುವೆ ವಿಜಯಪುರದಲ್ಲಿ ಇದ್ದಿದ್ದರೆ ಅಲ್ಲಿಗೆ ಹೆಸ್ಕಾಂ.

2023ರ ಆ ಚುನಾವಣೆಗೆ ಒಬ್ಬ ನಿವೃತ್ತ ಸರ್ಕಲ್ ಸಾಹೇಬರು ಬಂದದ್ದು ಏಪ್ರಿಲ್ 18ಕ್ಕೆ. ಕೊನೇ ದಿನ 20, ಮಧ್ಯಾಹ್ನ 3 ಗಂಟೆ. ಪಕ್ಷೇತರರು, ಹತ್ತು ಸೂಚಕರು ಬೇಕು, ಅಂದರೆ ಹೆಸರು ಸೂಚಿಸಿ ಸಹಿ ಹಾಕುವ ಅದೇ ಕ್ಷೇತ್ರದ ಮತದಾರರು. ಪಂಚನಾಮೆಗೆ ಪಂಚರನ್ನು ಕರೆದಂಗೆ ಹತ್ತು ಮಂದಿಯನ್ನು ಜೀಪಿನಲ್ಲಿ ತುಂಬಿಕೊಂಡು ಬಂದಿದ್ದರು. ಪಟ್ಟಿ ನೋಡಿದರೆ ಮೂವರು ಪಕ್ಕದ ಕ್ಷೇತ್ರದ ಮತದಾರರು! ಅದನ್ನು ಸರಿಮಾಡಿಕೊಂಡೆವು. ಆಮೇಲೆ ಕ್ವಾರ್ಟರ್ಸ್ ಕೇಳಿದೆ. ಶಹಾಪುರ, ಹುಮನಾಬಾದ್, ಕೊನೆಗೆ ಕಲಬುರಗಿ.

'ಮೂರೂ ಬೇಕೇನ್ರೀ?'

'ಮೂರೂ ಬೇಕು ಸರ್.'

ಮಗನನ್ನು ಒಂದು ಕಡೆ, ಅಳಿಯನನ್ನು ಇನ್ನೊಂದು ಕಡೆ ಬೈಕ್ ಮೇಲೆ ಓಡಿಸಿದರು. ಏಪ್ರಿಲ್ ಬಿಸಿಲು, ನಮ್ಮ ಕಡೆಯದು ಗೊತ್ತಲ್ಲ. ಒಂದು ಮನೆಯ ಮೀಟರಿನ ಮೇಲೆ 412 ರೂಪಾಯಿ ಬಾಕಿ ಬಂತು. ಸಾಹೇಬರಿಗೆ ವರ್ಗ ಆದ ಮೇಲಿನ ತಿಂಗಳದ್ದು. 'ನಾ ಸುಡದ ಕರೆಂಟಿಗೆ ನಾ ಯಾಕ ಕಟ್ಟಲಿ?' ಅಂತ ಅರ್ಧ ತಾಸು ಕೂಗಾಡಿದರು. ನ್ಯಾಯ ಅವರ ಕಡೆಗೇ ಇತ್ತು. ಆದರೆ ನ್ಯಾಯ ಕೇಳಲು ಎರಡು ದಿನ ಸಾಲದು. ಕಟ್ಟಿ, ರಸೀತಿ ತಗೊಂಡು ಬನ್ನಿ ಅಂದೆ. ಕಟ್ಟಿಸಿದರು. ಅಷ್ಟಾಗಿಯೂ ಶಹಾಪುರದ ನೀರಿನ ಕಾಗದ ಬಂದದ್ದು 20ರ ಬೆಳಿಗ್ಗೆ. ಪಾಪ, ಅವರ ಮನೆಯವರು ಹಳೇ ಬಿಲ್ಲುಗಳನ್ನು ಮದುವೆ ಸೀರೆಯ ಡಬ್ಬಿಯಲ್ಲಿ ಸುತ್ತಿ ಇಟ್ಟಿದ್ದರು. ಆ ತಾಯಿ ಇಲ್ಲದಿದ್ದರೆ ಮೀಟರ್ ನಂಬರು ಹುಡುಕುವುದರಲ್ಲೇ ದಿನ ಹೋಗುತ್ತಿತ್ತು.

ನನಗೆ ಸಿಟ್ಟು ಬರುವುದು ಇಲ್ಲೇ. ಮೂವತ್ತು ವರ್ಷ ಚಾರ್ಜ್‌ಶೀಟ್ ಬರೆದವರು ಇವರು. ಒಂದು ಲಗತ್ತು ಕಮ್ಮಿ ಇದ್ದರೆ ಕೆಳಗಿನವರ ಮುಖಕ್ಕೆ ಫೈಲು ಎಸೆದವರು. ತಮ್ಮದೇ ಫಾರ್ಮ್ ಬಂದಾಗ 'ಅದೇನ್ ಬಿಡ್ರಿ, ಸುಮ್ನೆ ನಿಲ್ ಅಂತ ಬರೀರಿ' ಅನ್ನುತ್ತಾರಲ್ಲ! ಸರ್ಕಾರಿ ಮನೆಯಲ್ಲಿ ಇದ್ದು ಇಲ್ಲ ಅಂತ ಬರೆದರೆ ಅದು ಸುಳ್ಳು ಪ್ರಮಾಣ.

ಈ ಕಾಗದ ಇಲ್ಲದಿದ್ದರೆ ನಾಮಪತ್ರ ಹೋಗಿಯೇ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅದು ಚುನಾವಣಾಧಿಕಾರಿಯ ತೀರ್ಮಾನ, ಒಂದೊಂದು ಪ್ರಕರಣ ಒಂದೊಂದು ಥರ. ಕಾಲಂ ಖಾಲಿ ಬಿಟ್ಟು, ನೋಟಿಸ್ ಕೊಟ್ಟ ಮೇಲೂ ತುಂಬದಿದ್ದರೆ ತಿರಸ್ಕರಿಸಬಹುದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಗೆದ್ದರೂ ನೆಮ್ಮದಿ ಇಲ್ಲ. ಫಲಿತಾಂಶದಿಂದ 45 ದಿನದೊಳಗೆ ಎದುರಾಳಿ ಹೈಕೋರ್ಟಿಗೆ ಹೋಗಬಹುದು. ಅವರ ವಕೀಲ ನಿಮ್ಮ ಭಾಷಣ ಓದುವುದಿಲ್ಲ, ಫಾರ್ಮ್ 26 ಓದುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಓದುತ್ತೇನೆ.

ನಿಲ್ಲುವ ಯೋಚನೆ ಇದ್ದವರು ವೇಳಾಪಟ್ಟಿ ಬರುವ ಮೊದಲೇ ಸರ್ವಿಸ್ ರಿಜಿಸ್ಟರ್ ಮುಂದಿಟ್ಟುಕೊಂಡು ಮನೆಗಳ ಪಟ್ಟಿ ಮಾಡಿ, ಅರ್ಜಿ ಬರೆದು ತಯಾರು ಇಡಿ.

ಆ ಸಾಹೇಬರ ನಾಮಪತ್ರ ಊರ್ಜಿತವಾಯಿತು. ಚುನಾವಣೆ ಸೋತರು, ಠೇವಣಿ 10,000 ರೂಪಾಯಿಯೂ ಹೋಯಿತು. ಮನುಷ್ಯ ಮಾತ್ರ ಬಲು ಒಳ್ಳೆಯವರು, ಈಗಲೂ ಚಾ ಕುಡಿಯಲು ಬರುತ್ತಾರೆ. ಮೊನ್ನೆ ಬಂದವರು ಮೆಲ್ಲಗೆ ಕೇಳಿದರು. '2028ಕ್ಕ ಮತ್ತ ನೋಡೋಣ ಅಂತ ಅದರೀ. ಈ ಸಲ ಆ ಕ್ವಾರ್ಟರ್ಸ್ ಕಾಗದ ಬ್ಯಾಡ ಅಲ್ಲೇನು? ಭಾಳ ವರ್ಷ ಆತಲ್ಲ.'

ಅವರು ಕಲಬುರಗಿಯ ಮನೆ ಖಾಲಿ ಮಾಡಿದ್ದು 2019ರಲ್ಲಿ. ಬೆರಳೆಣಿಸಿದೆ.

'ಒಂದು ಮನೆಯದ್ದು ಇನ್ನೂ ಬೇಕು, ಸಾಹೇಬ್ರೇ.'