ಪದ ಪರಿಚಯ: ನೀರಿನ ಮಾದರಿ

ಮಾದರಿ ಶಾಲೆ, ಮಾದರಿ ರೈತ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಅನುಸರಿಸಲು ಯೋಗ್ಯವಾದದ್ದು. ನೀರಿನ ಪರೀಕ್ಷೆಯಲ್ಲಿ ಈ ಪದದ ಅರ್ಥವೇ ಬೇರೆ. ಒಂದು ಬಾವಿಯ, ಕೆರೆಯ ಅಥವಾ ನಲ್ಲಿಯ ಪರವಾಗಿ ಪ್ರಯೋಗಾಲಯಕ್ಕೆ ಹೋಗುವ ಒಂದು ಬಾಟಲಿ ನೀರೇ ಮಾದರಿ. ಅದು ಚೊಕ್ಕಟವಾಗಿ ಕಾಣಬೇಕಾಗಿಲ್ಲ. ಊರು ದಿನವೂ ಕುಡಿಯುವ ನೀರೇ ಅದರಲ್ಲಿರಬೇಕು.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು, ಏಕೆಂದರೆ ತಪ್ಪಲೆಯ ಅಕ್ಕಿಯೆಲ್ಲ ಒಂದೇ ಕುದಿಯಲ್ಲಿ ಬೆಂದಿರುತ್ತದೆ. ನೀರಿಗೆ ಈ ಲೆಕ್ಕ ನಡೆಯುವುದಿಲ್ಲ. ಇಂಡಿ, ಸಿಂದಗಿ ಕಡೆಯ ಕೊಳವೆಬಾವಿಯೊಂದರಲ್ಲಿ ಮೋಟರ್ ಹಚ್ಚಿದೊಡನೆ ಬರುವುದು ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರು. ಅದನ್ನು ಹರಿಯಬಿಟ್ಟು, ಭೂಮಿಯೊಳಗಿನ ನೀರು ಬರತೊಡಗಿದ ಮೇಲೆ ಬಾಟಲಿ ಹಿಡಿಯಬೇಕು.

ನಮ್ಮ ಕಡೆಯ ಹಳ್ಳಿಯೊಂದರ ನಲ್ಲಿಯ ಬಳಿ ಒಮ್ಮೆ ನಿಂತಿದ್ದೆ. ಮಾದರಿ ತೆಗೆಯಲು ಬಂದಿದ್ದ ಹುಡುಗ ಪ್ರಯೋಗಾಲಯ ಕೊಟ್ಟ ಬಾಟಲಿಯನ್ನು ಶ್ರದ್ಧೆಯಿಂದ ಮೂರು ಸಲ ತೊಳೆದು, “ಈಗ ಪೂರ್ತಿ ಸ್ವಚ್ಛವಾಯಿತು ಅಕ್ಕಾರೆ” ಎಂದ. ತೊಳೆದದ್ದೇ ತಪ್ಪಾಗಿತ್ತು. ರೋಗಾಣು ಪರೀಕ್ಷೆಯ ಬಾಟಲಿಯನ್ನು ಮೊದಲೇ ಕ್ರಿಮಿಶುದ್ಧಿ ಮಾಡಿ, ಒಳಗೆ ಸೋಡಿಯಂ ಥಯೋಸಲ್ಫೇಟ್ ಎಂಬ ಪುಡಿಯನ್ನು ಸ್ವಲ್ಪ ಹಾಕಿರುತ್ತಾರೆ. ನಲ್ಲಿನೀರಿನ ಕ್ಲೋರಿನ್ ಬಾಟಲಿಯೊಳಗೂ ರೋಗಾಣುಗಳನ್ನು ಕೊಲ್ಲುತ್ತಲೇ ಇರುತ್ತದೆ. ಅದನ್ನು ತಡೆಯುವುದು ಈ ಪುಡಿ. ಪುಡಿ ತೊಳೆದುಹೋದರೆ, ಕೆಟ್ಟ ನೀರಿಗೂ ಒಳ್ಳೆಯ ವರದಿ ಬರಬಹುದು. ಆ ವರದಿಯನ್ನು ನಂಬಿ ಮಕ್ಕಳಿಗೆ ನೀರು ಕುಡಿಸುವವರು ನಾವೇ. ಅದಕ್ಕೇ ಈ ಸಣ್ಣ ಸಂಗತಿಯನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ರಾಸಾಯನಿಕ ಪರೀಕ್ಷೆಯ ಬಾಟಲಿಯದು ಇದಕ್ಕೆ ತದ್ವಿರುದ್ಧ: ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿಯೇ ತುಂಬಬೇಕು. ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಂಬ ಲವಣಾಂಶ ನೋಡುವುದಾದರೆ ಗಾಜಿನ ಬಾಟಲಿ ಬೇಡ, ಪ್ಲಾಸ್ಟಿಕ್ಕಿನದು ಬೇಕು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಇದು ನಾವು ಕೇಳಲೇಬೇಕಾದ ಅಂಶ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು; ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಒಂದೇ ಹೊತ್ತಿನಲ್ಲಿ ಒಂದೇ ಜಾಗದಿಂದ ತುಂಬಿಕೊಂಡದ್ದು ಆ ಕ್ಷಣದ ಮಾದರಿ. ಗಂಟೆಗೊಮ್ಮೆ ತೆಗೆದ ನೀರನ್ನು ಕೂಡಿಸಿದರೆ ಅದು ಸಂಯುಕ್ತ ಮಾದರಿ. ಕಾರ್ಖಾನೆಯಿಂದ ಹಳ್ಳಕ್ಕೆ ಬೀಳುವ ನೀರು ಹೊತ್ತುಹೊತ್ತಿಗೆ ಬದಲಾಗುವುದರಿಂದ ಅಲ್ಲಿ ಇದು ಬೇಕಾಗುತ್ತದೆ. ರೋಗಾಣು ಪರೀಕ್ಷೆಗೆ ಮಾತ್ರ ಸಂಯುಕ್ತ ಮಾದರಿ ಸಲ್ಲದು.

ಪರೀಕ್ಷೆಗೂ ನಿಗಾಕ್ಕೂ ವ್ಯತ್ಯಾಸವಿದೆ. ಒಂದು ಸಲ ನೋಡಿದರೆ ಪರೀಕ್ಷೆ. ಅದೇ ಜಾಗದಿಂದ, ಅದೇ ಕ್ರಮದಲ್ಲಿ, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ವರ್ಷವರ್ಷವೂ ನೋಡಿದರೆ ನಿಗಾ. ಎರಡು ವರದಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಕಾದರೆ ಬಾಟಲಿಯ ಮೇಲಿನ ಚೀಟಿ ಪೂರ್ತಿಯಾಗಿರಬೇಕು: ಯಾವ ಊರು, ಯಾವ ಓಣಿಯ ನಲ್ಲಿ, ದಿನಾಂಕ, ಗಂಟೆ, ತೆಗೆದವರ ಹೆಸರು. ಬರೆಯಲು ನೀರಿಗೆ ಕರಗದ ಶಾಯಿಯ ಪೆನ್ನು ಬೇಕು. ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ಯುವ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬೇರೆ ಶಾಯಿಯೆಲ್ಲ ಅಳಿಸಿಹೋಗುತ್ತದೆ.