ತುರ್ತಲ್ಲದ ಕಾಯಿಲೆಗೆ ತುರ್ತು ವಿಭಾಗವೇಕೆ?

ಜ್ವರ, ಬೆನ್ನುನೋವು, ಕಿವಿನೋವಿಗೂ ಅಮೆರಿಕದ ಜನ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಏಕೆ ಹೋಗುತ್ತಾರೆ? ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ "ವಿಮೆ ಇಲ್ಲದ್ದರಿಂದ" ಎಂದಷ್ಟೇ ಬರೆದು ಮುಗಿಸಬೇಡಿ.

ಕಾನೂನಿನಿಂದ ಆರಂಭಿಸೋಣ. 1986ರ ಎಮ್ಟಾಲಾ ಕಾಯ್ದೆಯಂತೆ, ಮುಖ್ಯವಾಗಿ ಹಿರಿಯ ನಾಗರಿಕರಿಗಿರುವ ಸರ್ಕಾರಿ ವಿಮೆಯಾದ ಮೆಡಿಕೇರ್ ಯೋಜನೆಯಲ್ಲಿರುವ ಆಸ್ಪತ್ರೆಯ ತುರ್ತು ವಿಭಾಗವು ಬಂದವರ ಬಳಿ ಹಣವಿದೆಯೇ ಎಂದು ನೋಡದೆ ತಪಾಸಣೆ ಮಾಡಬೇಕು. ಅಪಾಯವಿದ್ದರೆ ಸ್ಥಿತಿಯನ್ನು ಹತೋಟಿಗೆ ತರಬೇಕು. ಬಿಲ್ ಆಮೇಲೆ ಬರುತ್ತದೆ, ನಿಜ. ಆದರೆ ಬಾಗಿಲಲ್ಲೇ ತಡೆಯುವಂತಿಲ್ಲ. ಸಾಮಾನ್ಯ ಕ್ಲಿನಿಕ್‌ಗಳಿಗೆ ಈ ಕಟ್ಟುಪಾಡಿಲ್ಲ.

ಹಾಗಾದರೆ ವಿಮೆ ಕೊಟ್ಟರೆ ಸಮಸ್ಯೆ ತೀರುತ್ತದೆಯೇ? 2008ರಲ್ಲಿ ಆರೆಗಾನ್ ರಾಜ್ಯ ಬಡ ವಯಸ್ಕರಿಗೆ ಮೆಡಿಕೇಡ್ ಎಂಬ ಸರ್ಕಾರಿ ವಿಮೆಯನ್ನು ಲಾಟರಿ ಎತ್ತಿ ಹಂಚಿತು. ಪೋರ್ಟ್‌ಲ್ಯಾಂಡ್ ಪ್ರದೇಶದ ಆಸ್ಪತ್ರೆಗಳ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದಾಗ, ವಿಮೆ ಪಡೆದವರ ತುರ್ತು ವಿಭಾಗದ ಭೇಟಿಗಳು ಶೇ. 40ರಷ್ಟು ಹೆಚ್ಚಿದ್ದವು! ಕ್ಲಿನಿಕ್‌ನಲ್ಲೇ ವಾಸಿಯಾಗಬಹುದಾದ ತೊಂದರೆಗಳಿಗೂ ಜನ ಅಲ್ಲಿಗೇ ಹೋಗಿದ್ದರು. ಖರ್ಚಿನ ಭಯ ಇಳಿದರೆ ಎಲ್ಲ ಬಗೆಯ ಚಿಕಿತ್ಸೆಯ ಬಳಕೆಯೂ ಏರುತ್ತದೆ. ವಿಮೆ ಸಿಕ್ಕಿತೆಂದು ಕ್ಲಿನಿಕ್ ರಾತ್ರಿ ತೆರೆದಿರುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಹಗಲಲ್ಲಿ ಬಿಡುವೂ ಸಿಗುವುದಿಲ್ಲ.

ನನಗೆ ಅತಿ ಮುಖ್ಯವೆನಿಸುವುದು ಇನ್ನೊಂದು ಸಂಗತಿ. "ತುರ್ತಲ್ಲ" ಎಂಬ ಹಣೆಪಟ್ಟಿಯನ್ನು ವೈದ್ಯರು ಹಚ್ಚುವುದು ತಪಾಸಣೆ ಮುಗಿದ ಮೇಲೆ. ರೋಗಿ ಮನೆಯಲ್ಲಿ ಕುಳಿತು ನಿರ್ಧರಿಸುವಾಗ ಅವನಿಗೆ ಗೊತ್ತಿರುವುದು ಎದೆ ಉರಿಯುತ್ತಿದೆ ಎಂಬುದು ಮಾತ್ರ. ಅದು ಆಮ್ಲಪಿತ್ತವೋ ಹೃದಯಾಘಾತವೋ ಎಂದು ಅವನು ಹೇಗೆ ಹೇಳಬಲ್ಲ? 2013ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೊನೆಯ ರೋಗನಿರ್ಣಯ ನೋಡಿದರೆ ಕ್ಲಿನಿಕ್‌ನಲ್ಲೇ ನೋಡಬಹುದಾಗಿದ್ದ ಭೇಟಿಗಳು ಶೇ. 6.3 ಮಾತ್ರ. ಆದರೆ ಆ ರೋಗಿಗಳು ಬರುವಾಗ ಹೇಳಿಕೊಂಡ ದೂರುಗಳೇ ಒಟ್ಟು ಭೇಟಿಗಳಲ್ಲಿ ಶೇ. 88.7ರಷ್ಟರಲ್ಲಿ ಕಾಣಿಸಿದವು. ಅಂಥ ದೂರು ಹೊತ್ತು ಬಂದವರಲ್ಲಿ ಶೇ. 12.5ರಷ್ಟು ಮಂದಿಯನ್ನು ಆಸ್ಪತ್ರೆಗೆ ದಾಖಲಿಸಿಕೊಳ್ಳಬೇಕಾಯಿತು. ದೂರು ಒಂದೇ, ಕಾಯಿಲೆ ಬೇರೆ ಬೇರೆ. ಹೀಗಿರುವಾಗ ರೋಗಿಯನ್ನು ದೂಷಿಸುವುದು ಅನ್ಯಾಯ.

ಕಾನೂನೂ ಇದನ್ನು ಒಪ್ಪಿದೆ. ಸಾಮಾನ್ಯ ತಿಳಿವಳಿಕೆಯ ವ್ಯಕ್ತಿಯೊಬ್ಬ ತನ್ನ ಲಕ್ಷಣಗಳಿಂದ ಅಪಾಯವಿದೆ ಎಂದು ಭಾವಿಸಿದ್ದರೆ ಸಾಕು, ವಿಮೆ ಹಣ ಕೊಡಬೇಕು ಎಂಬ ನಿಯಮ 1997ರಲ್ಲಿ ಮೆಡಿಕೇರ್ ಹಾಗೂ ಮೆಡಿಕೇಡ್‌ನ ನಿರ್ವಹಿತ ಯೋಜನೆಗಳಿಗೆ (ಹೆಚ್ಚಾಗಿ ವಿಮಾ ಕಂಪನಿಗಳ ಮೂಲಕ ನಡೆಯುವವು) ಬಂತು. 2010ರ ಆರೋಗ್ಯ ಸುಧಾರಣಾ ಕಾಯ್ದೆ ಅದನ್ನು ಖಾಸಗಿ ವಿಮೆಗೂ ವಿಸ್ತರಿಸಿತು. ಆದ್ದರಿಂದ ಅನಗತ್ಯ ಭೇಟಿಗಳ ಶೇಕಡಾವಾರು ಎಲ್ಲಿ ಕಂಡರೂ, ಅದನ್ನು ಎಣಿಸಿದ್ದು ಬಾಗಿಲಲ್ಲಿ ನರ್ಸ್ ಹೇಳಿದ ತುರ್ತಿನ ಮಟ್ಟದಿಂದಲೋ, ಮನೆಗೆ ಕಳಿಸುವಾಗ ಬರೆದ ರೋಗನಿರ್ಣಯದಿಂದಲೋ ಎಂಬುದನ್ನು ಮೊದಲು ಹುಡುಕಿ.