ಪದೇ ಪದೇ ಜಾರುವ ಮಂಡಿಚಿಪ್ಪು: ಯಾವಾಗ ಆಪರೇಷನ್, ಯಾವ ಆಪರೇಷನ್?

ಮಂಡಿಚಿಪ್ಪು ಮೊದಲ ಸಲ ಜಾರಿದಾಗ ನಾನು ಸಾಮಾನ್ಯವಾಗಿ ಆಪರೇಷನ್ ಹೇಳುವುದಿಲ್ಲ. ಎರಡನೇ ಸಲ ಜಾರಿತು ಅಂದಾಗ ಮಾತು ಬದಲಾಗುತ್ತದೆ. ಯಾಕೆ ಹೀಗೆ ಎಂದು ತಂದೆತಾಯಿ ಕೇಳುತ್ತಾರೆ. ಕೇಳಲೇಬೇಕು.

ಈ ತೊಂದರೆ ಹೆಚ್ಚಾಗಿ ಬರುವುದು ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳಿಗೆ. ಕಬಡ್ಡಿಯಲ್ಲೋ, ಖೋ ಖೋದಲ್ಲೋ, ಡ್ಯಾನ್ಸ್ ಮಾಡುವಾಗಲೋ ಪಾದ ನೆಲಕ್ಕೆ ಊರಿಕೊಂಡಿರುತ್ತದೆ, ಮೈ ಗಕ್ಕನೆ ತಿರುಗುತ್ತದೆ, ಚಿಪ್ಪು ಹೊರಬದಿಗೆ ಹಾರುತ್ತದೆ. ಕಾಲು ನೀಟಿದರೆ ಎಷ್ಟೋ ಸಲ ತಾನಾಗಿಯೇ ವಾಪಸ್ ಕೂರುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಮುರಿದಿಲ್ಲ, ಸುಮ್ನೆ ಉಳುಕಿದೆ ಎಂದು ಎಣ್ಣೆ ಉಜ್ಜಿಸಿ, ಪಟ್ಟು ಹಾಕಿಸಿ ಬಿಟ್ಟುಬಿಡುತ್ತಾರೆ. ನನ್ನ ಚಿಂತೆ ಇರುವುದೇ ಇಲ್ಲಿ. ಚಿಪ್ಪು ಜಾರುವಾಗಲೋ ವಾಪಸ್ ಕೂರುವಾಗಲೋ ತೊಡೆಮೂಳೆಗೆ ಉಜ್ಜಿ, ಕಾರ್ಟಿಲೇಜಿನ, ಅಂದರೆ ಮೂಳೆಯ ತುದಿಗೆ ಹೊದ್ದಿರುವ ನುಣುಪಾದ ಪದರದ, ಚೂರು ಕಿತ್ತು ಬರಬಹುದು. ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು. ಆದ್ದರಿಂದ ಮಂಡಿ ಚೆನ್ನಾಗಿ ಊದಿದ್ದರೆ ಎಂಆರ್‌ಐ ಮಾಡಿಸಿ. ದೊಡ್ಡ ಚೂರು ಸಡಿಲವಾಗಿದ್ದರೆ ಮಾತ್ರ ಮೊದಲ ಸಲವೇ ಆಪರೇಷನ್ ಬೇಕಾಗುತ್ತದೆ, ಅದೂ ಬೇಗ.

ಚಿಪ್ಪನ್ನು ಒಳಬದಿಯಿಂದ ಹಿಡಿದಿಡುವ ತೆಳ್ಳನೆಯ ಪಟ್ಟಿಯೊಂದಿದೆ. ಅದರ ಹೆಸರು ಎಂಪಿಎಫ್‌ಎಲ್. ಕಾಲು ನೀಟಿದ ಸ್ಥಿತಿಯಿಂದ ಸುಮಾರು 30 ಡಿಗ್ರಿ ಮಡಚುವವರೆಗೆ ಚಿಪ್ಪನ್ನು ಕಾಯುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದರದ್ದೇ. ಆಮೇಲೆ ಚಿಪ್ಪು ತೊಡೆಮೂಳೆಯ ತುದಿಯ ಕಾಲುವೆಗೆ ಇಳಿಯುತ್ತದೆ, ಮೂಳೆಯೇ ಕಾಯುತ್ತದೆ. ಮೊದಲ ಸಲ ಜಾರಿದಾಗಲೇ ಈ ಪಟ್ಟಿ ಹರಿಯುತ್ತದೆ. ಕೂಡಿಕೊಂಡರೂ ಉದ್ದವಾಗಿ, ಸಡಿಲವಾಗಿ ಕೂಡಬಹುದು.

ಆದರೆ ಪದೇ ಪದೇ ಜಾರುವುದಕ್ಕೆ ಪಟ್ಟಿಯೊಂದೇ ಕಾರಣ ಅಲ್ಲ. ಫ್ರಾನ್ಸಿನ ಲಿಯಾನ್ ನಗರದ ಆನ್ರಿ ದೆಜೂರ್ ಮತ್ತು ಸಂಗಡಿಗರು 1994ರಲ್ಲಿ ನಾಲ್ಕು ಅಂಶಗಳನ್ನು ಗುರುತಿಸಿದರು. ಕಾಲುವೆ ಆಳವಿಲ್ಲದಿರುವುದು, ಚಿಪ್ಪು ತುಂಬಾ ಮೇಲಿರುವುದು, ಚಿಪ್ಪಿನ ಸ್ನಾಯುಬಂಧ ಮಂಡಿಯ ಕೆಳಗಿನ ಕಣಕಾಲ ಮೂಳೆಗೆ ಅಂಟುವ ಉಬ್ಬು ಕಾಲುವೆಯ ನಡುವಿನಿಂದ 20 ಮಿಲಿಮೀಟರಿಗಿಂತ ಹೆಚ್ಚು ಹೊರಗಿರುವುದು, ಚಿಪ್ಪು ವಾಲಿರುವುದು. ನಾವು ಇವತ್ತಿಗೂ ಇವನ್ನೇ ಅಳೆಯುತ್ತೇವೆ. ಜೊತೆಗೆ ಮಂಡಿ ಒಂದಕ್ಕೊಂದು ತಾಗುವ ಕಾಲು, ಹೆಬ್ಬೆರಳು ಮುಂಗೈಗೆ ತಾಗುವಷ್ಟು ಮೈಸಡಿಲ ಇದೆಯೇ ನೋಡುತ್ತೇವೆ. ಫಿಸಿಯೋಥೆರಪಿ ತೊಡೆಗೆ, ಸೊಂಟಕ್ಕೆ ಬಲ ಕೊಡುತ್ತದೆ. ಎಲ್ಲರಿಗೂ ಬೇಕು. ಆದರೆ ಆಳವಿಲ್ಲದ ಕಾಲುವೆಯನ್ನು ಯಾವ ವ್ಯಾಯಾಮವೂ ಆಳ ಮಾಡುವುದಿಲ್ಲ. ಪ್ರತಿ ಸಲ ಜಾರಿದಾಗಲೂ ಕಾರ್ಟಿಲೇಜ್ ಸವೆಯುತ್ತದೆ. ಆದ್ದರಿಂದ 'ದೊಡ್ಡವಳಾದ ಮೇಲೆ ನೋಡೋಣ' ಎಂಬ ಮಾತು ಒಪ್ಪಲು ನನಗೆ ಕಷ್ಟ.

ಈಗ ಹೆಚ್ಚಾಗಿ ಮಾಡುವುದು ಎಂಪಿಎಫ್‌ಎಲ್ ಮರುನಿರ್ಮಾಣ. ತೊಡೆಯ ಹಿಂಭಾಗದ ತೆಳು ಸ್ನಾಯುಬಂಧವೊಂದನ್ನು ತೆಗೆದು, ಒಂದು ತುದಿಯನ್ನು ಚಿಪ್ಪಿಗೂ ಇನ್ನೊಂದನ್ನು ತೊಡೆಮೂಳೆಗೂ ಕೂರಿಸುತ್ತೇವೆ. ಹೊಸ ಪಟ್ಟಿ ಗೂಟಕ್ಕೆ ಕಟ್ಟಿದ ಕರುವಿನ ಹಗ್ಗದ ಹಾಗಿರಬೇಕು. ಕರು ತನ್ನ ಜಾಗದಲ್ಲಿದ್ದಾಗ ಹಗ್ಗ ಎಳೆಯಬಾರದು, ದೂರ ಹೋದಾಗ ಮಾತ್ರ ಬಿಗಿಯಬೇಕು. ತೊಡೆಮೂಳೆಯಲ್ಲಿ ಕೂರಿಸುವ ಜಾಗ ಕೆಲವೇ ಮಿಲಿಮೀಟರ್ ಮೇಲಾದರೂ ಮಂಡಿ ಮಡಚಿದಾಗ ಪಟ್ಟಿ ಅತಿಯಾಗಿ ಬಿಗಿಯುತ್ತದೆ. ನೋವು ಶುರುವಾಗುತ್ತದೆ, ಕಾರ್ಟಿಲೇಜ್ ಬೇಗ ಸವೆಯುತ್ತದೆ.

ಬೆಳೆಯುತ್ತಿರುವ ಮಕ್ಕಳಲ್ಲಿ ಈ ಜಾಗ ಇನ್ನೂ ಸೂಕ್ಷ್ಮ. ತೊಡೆಮೂಳೆಯ ಬೆಳವಣಿಗೆಯಲ್ಲಿ ನೂರಕ್ಕೆ ಸುಮಾರು 70 ಭಾಗ ಆಗುವುದು ಮಂಡಿಯ ಹತ್ತಿರದ ಗ್ರೋತ್ ಪ್ಲೇಟಿನಿಂದ (ಮೂಳೆ ಉದ್ದ ಬೆಳೆಯುವ ಪದರ), ಪಟ್ಟಿ ಅಂಟುವುದು ಅದರ ಪಕ್ಕದಲ್ಲೇ. ಅಲ್ಲಿ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು, ವಕ್ರವಾಗಬಹುದು. ಪ್ಲೇಟ್ ಅಂಕುಡೊಂಕಾಗಿರುವುದರಿಂದ ಪಕ್ಕದ ಎಕ್ಸ್‌ರೇ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಹಾಗಾಗಿ ಎದುರಿನಿಂದಲೂ ನೋಡಿಕೊಂಡು, ಪ್ಲೇಟಿನ ಕೆಳಗೇ ಚಿಕ್ಕ ರಂಧ್ರ ಕೊರೆಯುತ್ತೇವೆ. ತೀರಾ ಚಿಕ್ಕ ಮಕ್ಕಳಲ್ಲಿ ಅದನ್ನೂ ಬಿಟ್ಟು ಪಕ್ಕದ ಸ್ನಾಯುಬಂಧಕ್ಕೇ ಸುತ್ತುತ್ತೇವೆ. ತೀರಾ ಹೊರಗಿರುವ ಕಣಕಾಲಿನ ಉಬ್ಬನ್ನು ಕತ್ತರಿಸಿ ಸರಿಸುವ ಆಪರೇಷನ್ನನ್ನಂತೂ ಬೆಳವಣಿಗೆ ಮುಗಿಯುವ ಮೊದಲು ಮಾಡಲೇಬಾರದು. ಹುಡುಗಿಯರಿಗೆ ಸುಮಾರು 14, ಹುಡುಗರಿಗೆ 16 ವರ್ಷ ಅನ್ನಬಹುದು. ಮುಂಚೆ ಮಾಡಿದರೆ ಮುಂಭಾಗ ಬೆಳೆಯುವುದು ನಿಂತು ಮಂಡಿ ಹಿಂದಕ್ಕೆ ಬಾಗುತ್ತದೆ. ಮಂಡಿ ತಾಗುವ ಕಾಲಿನ ಲೆಕ್ಕ ಇದಕ್ಕೆ ಉಲ್ಟಾ. ಒಳಬದಿಯ ಗ್ರೋತ್ ಪ್ಲೇಟಿಗೆ ಪುಟ್ಟ ಲೋಹದ ಪಟ್ಟಿ ಹಾಕಿ ಬೆಳವಣಿಗೆಯನ್ನೇ ಬಳಸಿ ಕಾಲು ನೆಟ್ಟಗೆ ಮಾಡಬಹುದು. ಇನ್ನೂ ಬೆಳೆಯುತ್ತಿದ್ದರೆ ಮಾತ್ರ ಅದು ಸಾಧ್ಯ. ಕಾಯುತ್ತಾ ಕೂತರೆ ಈ ಅವಕಾಶ ಕೈತಪ್ಪುತ್ತದೆ.

ಹೊರಬದಿಯ ಪೊರೆಯನ್ನು ಕತ್ತರಿಸಿ ಸಡಿಲ ಮಾಡುವ ಆಪರೇಷನ್ ಒಂದಿದೆ. ಬೇರೇನೂ ಮಾಡದೆ ಅದೊಂದನ್ನೇ ಮಾಡಿದರೆ ಜಾರುವುದು ನಿಲ್ಲುವುದಿಲ್ಲ. ಹಾಗೆ ಸಲಹೆ ಬಂದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿ.

ಆಪರೇಷನ್ ಆದ ಮೇಲೆ ಮನೆಯವರ ಭಯವೇ ಕೆಲವೊಮ್ಮೆ ಅಡ್ಡ ಬರುತ್ತದೆ. ಕಾಲು ಅಲ್ಲಾಡಿಸಬೇಡ ಎಂದು ವಾರಗಟ್ಟಲೆ ಮಲಗಿಸಿದರೆ ಮಂಡಿ ಬಿಗಿದುಕೊಳ್ಳುತ್ತದೆ. ಮಡಚುವುದನ್ನು ಮೊದಲ ದಿನಗಳಲ್ಲೇ, ಹೇಳಿಕೊಟ್ಟ ಮಿತಿಯೊಳಗೆ ಶುರು ಮಾಡಬೇಕು. ಆಟಕ್ಕೆ ಮರಳಲು ಸಾಮಾನ್ಯವಾಗಿ 6ರಿಂದ 9 ತಿಂಗಳು ಬೇಕು. ಭರತನಾಟ್ಯ ಕಲಿಯುವ ಮಕ್ಕಳು ಅರೆಮಂಡಿ ಯಾವಾಗ ಎಂದು ಕೇಳುತ್ತಾರೆ. ತೊಡೆಯ ಬಲ ಇನ್ನೊಂದು ಕಾಲಿಗೆ ಹೆಚ್ಚುಕಮ್ಮಿ ಸಮ ಆದಾಗ ಎನ್ನುತ್ತೇನೆ. ತಿಂಗಳ ಲೆಕ್ಕ ಆಮೇಲಿನದು.

ಇನ್ನೊಂದು ಕಾಲನ್ನೂ ಮರೆಯಬೇಡಿ. ಆಳವಿಲ್ಲದ ಕಾಲುವೆ ಎಷ್ಟೋ ಮಕ್ಕಳಿಗೆ ಎರಡೂ ಕಡೆ ಇರುತ್ತದೆ. ಒಂದು ಮಂಡಿಗೆ ಆಪರೇಷನ್ ಆದರೂ ವ್ಯಾಯಾಮ ಎರಡಕ್ಕೂ ಮಾಡಿಸಬೇಕು.